ಎಡದ ಹೂವು

ಐಗಳಿ
೧೨ ನವೆಂಬರ್ ೨೦೨೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಕುರಿಗಳ ಜೊತೆ ಬಯಲಲ್ಲಿ ಮಲಗುವವನು ಕಿವಿಗೆ ರುಮಾಲು ಸುತ್ತಿಕೋ ಎಂದರೆ ಕೇಳುವುದಿಲ್ಲ. ನಾಳೆ ನಮ್ಮ ಓಣಿಯ ಹುಡುಗ ಸಮಾಧಾನ ಜೋಳದ ಹಿಟ್ಟು ತೆಗೆದುಕೊಂಡು ಕೊಲ್ಲಾಪುರದ ಕಡೆ ನಿನ್ನ ಹಟ್ಟಿಗೆ ಬರುತ್ತಾನೆ, ಅವನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅವ್ವ ಪಕ್ಕದಲ್ಲೇ ಇರುತ್ತಾಳೆ, ನೀನೋ ಓಣಿಗೆಲ್ಲ ಕೇಳುವಂತೆ ಮಾತಾಡುವವನು.

ಗುರುವಾರ ಮಿರಜದಲ್ಲಿ ಅವ್ವನ ಹೊಟ್ಟೆಯ ಗಡ್ಡೆ ತೆಗೆಯುತ್ತಾರೆ, ಅದು ನಿನಗೆ ಗೊತ್ತು. ಬಿಟ್ಟರೆ ಆರು ತಿಂಗಳು, ತೆಗೆದರೂ ಈ ವಯಸ್ಸಿಗೆ ಅಪಾಯ ಇದ್ದದ್ದೇ ಎಂದಿದ್ದಾರೆ ಡಾಕ್ಟರು. ನಿನಗೆ ಗೊತ್ತಿಲ್ಲದ್ದು ಬೇರೆಯೇ ಇದೆ. ಬೀರದೇವರ ಕೌಲ ಕೇಳದೆ, ಅವನ ಅಪ್ಪಣೆಯಿಲ್ಲದೆ ಮೈಗೆ ಕತ್ತರಿ ಹಚ್ಚಿಸಿಕೊಳ್ಳುವುದಿಲ್ಲ ಎಂದು ಅವ್ವ ಹಟ ಹಿಡಿದಳು. ಗುಡಿಯವರೆಗೆ ಅವಳಿಗೆ ನಡೆಯಲಾಗದು, ಹೋದ ವಾರ ನಾನೇ ಹೋದೆ. ಪೂಜಾರಿ ದುರಗಪ್ಪ ಕಾಕಾ ದೇವರ ಎರಡೂ ಭುಜಕ್ಕೆ ಒಂದೊಂದು ಒದ್ದೆ ಹೂವು ಅಂಟಿಸಿದ. ಬಲದ್ದು ಉದುರಿದರೆ ಹೌದು, ಎಡದ್ದು ಉದುರಿದರೆ ಬೇಡ. ಕಾಲೇಜಿಗೆ ಹೊತ್ತಾಗುತ್ತಿತ್ತು, ನಾನು ಗಡಿಯಾರ ನೋಡುತ್ತ ಕುಳಿತೆ. ಎಡದ್ದು ಉದುರಿತು. ಮನೆಗೆ ಬಂದು ಬಲದ್ದು ಎಂದೆ.

ಆಗ ಒಂಚೂರೂ ಅಳುಕಲಿಲ್ಲ. ನೀರು ಆರಿದ ಕಡೆಯ ಹೂವು ಬೀಳುತ್ತದೆ, ಅಷ್ಟೇ. ಹದಿನಾಲ್ಕು ವರ್ಷದಿಂದ ಅಥಣಿಯಲ್ಲಿ ಯುರೋಪಿನ ತತ್ವಶಾಸ್ತ್ರ ಪಾಠ ಮಾಡುವವಳು ಇಷ್ಟಕ್ಕೆ ಹೆದರಿದರೆ ಹೇಗೆ? ಆದರೆ ನಿನ್ನೆ ಬುದ್ಧಿಗೂ ಗಡಿಯಿದೆ ಎಂಬ ಪಾಠವಿತ್ತು. ದೇವರಿದ್ದಾನೆಂದು ತರ್ಕ ಸಾಧಿಸಲಾರದು, ಇಲ್ಲವೆಂದೂ ಸಾಧಿಸಲಾರದು, ಆ ಗಡಿ ದಾಟಬೇಕೆನ್ನುವವನು ನಂಬಿ ಜಿಗಿಯಬೇಕು ಎಂದು ಅಲ್ಲಿಯ ಕೆಲವು ತತ್ವಜ್ಞಾನಿಗಳು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಪ್ರಾಜಕ್ತಾ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. "ಮೇಡಂ, ಒಬ್ಬರ ಸಲುವಾಗಿ ಇನ್ನೊಬ್ರು ಜಿಗೀಬಹುದೇನ್ರಿ?" ಅವ್ವನ ಕಣ್ಣು ಕಟ್ಟಿ ನಾನೇ ದೂಡುತ್ತಿದ್ದೇನೆ ಅನ್ನಿಸಿ ಪಾಠ ಅರ್ಧಕ್ಕೇ ಬಿಟ್ಟು ಬಂದೆ.

ನನಗೆ ಹೆದರಿಕೆಯಾಗಿದೆ, ಅಣ್ಣಾ. ದೇವರ ಹೆದರಿಕೆಯೋ ನನ್ನ ಸುಳ್ಳಿನದೋ ತಿಳಿಯುತ್ತಿಲ್ಲ. ಅನ್ನ ಸೇರುತ್ತಿಲ್ಲ. ನಿಜ ಹೇಳಿದರೆ ಅವಳು ಆಸ್ಪತ್ರೆಗೆ ಹೋಗುವುದಿಲ್ಲ. ಹೇಳದೆ ಕಳಿಸಿ ಏನಾದರೂ ಆದರೆ, ಅದು ಗಡ್ಡೆಯಿಂದಲೇ ಆದದ್ದು ಎಂದು ನನಗೆ ನಾನೇ ಎಷ್ಟು ಪಾಠ ಹೇಳಿಕೊಂಡರೂ ಒಪ್ಪಲಾರೆ. ನಮ್ಮಿಬ್ಬರಲ್ಲಿ ನಂಬುವವನು ನೀನು. ನನ್ನ ಹೆಸರಿನಲ್ಲಿ ಒಂದು ತಪ್ಪುಕಾಣಿಕೆ ತೆಗೆದಿಡು, ನಾನೇ ಇಟ್ಟರೆ ದೇವರಿಗೂ ನಗು ಬಂದೀತು.

ಅತ್ತಿಗೆಗೆ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಉಜ್ವಲಾ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಅವ್ವ ಕರೆದಳು. ದುರಗಪ್ಪ ಕಾಕಾ ಕೌಲ ಕೇಳಿದ ದಿನವೇ ಸಂಜೆ ಬಂದು ಅವಳಿಗೆ ಎಲ್ಲ ಹೇಳಿ ಹೋಗಿದ್ದನಂತೆ. ನನಗೆ ಅಳು ಬಂತು. ಹಾಗಾದರೆ ಆಪರೇಷನ್ ಬೇಡ ಬಿಡವ್ವ ಎಂದುಬಿಟ್ಟೆ, ನಾನು! ಅವಳು ಸೀರೆ ಮಡಚಿ ಚೀಲಕ್ಕೆ ಹಾಕುತ್ತ, "ಎಡದ ಹೂ ಬಿದ್ದದ್ದು ನನಗ ಗೊತ್ತೈತಿ. ನೀ ಬಲದ್ದು ಅಂದಿ. ನಿನ್ನ ಮಾತಿಗೆ ಹೊಂಟೀನಿ" ಎಂದಳು. ಪತ್ರ ಸಿಕ್ಕ ಕೂಡಲೇ ಕುರಿಗಳನ್ನು ಸಮಾಧಾನನಿಗೆ ಒಪ್ಪಿಸಿ ಮಿರಜಕ್ಕೆ ಬಾ, ಅಣ್ಣಾ. ಅವಳು ನಂಬಿರುವುದು ನನ್ನನ್ನು.