ಹಲ್ಲಿನ ಮೇಲಿನ ಗೆರೆ

ಭಾನುವಾರ, 12 ಫೆಬ್ರವರಿ

ಪ್ರೀತಿಯ ಅಕ್ಕಾ,

ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿ ಬೈ. ನಿನ್ನ ಮಗಳು ಪುಟ್ಟಿಯ ಕೆಮ್ಮು ವಾಸಿಯಾಗಿದ್ದು ತಿಳಿದು ಸಮಾಧಾನವಾಯಿತು.

ನನಗೊಂದು ಕೆಲಸ ಸಿಕ್ಕಿದೆ. ರಸ್ತೆ ಅಗಲ ಮಾಡುವಾಗ ಸಾವಿರ ವರ್ಷ ಹಳೆಯ ಬಡಜನರ ಸಮಾಧಿಗಳು ಸಿಕ್ಕಿವೆ. ಅಲ್ಲಿನ ಹಲ್ಲುಗಳನ್ನು ಮೆತ್ತನೆಯ ಬ್ರಷ್ಷಿನಿಂದ ತೊಳೆದು ಒಣಗಿಸಬೇಕು. ನನ್ನ ಮೇಲಧಿಕಾರಿ ಒಬ್ಬ ಸಂಶೋಧಕಿ. ಬೆನ್ನ ಹಿಂದೆ ಅವರು ನಮಗೆ ಹಲ್ಲಮ್ಮ. ಎಳವೆಯಲ್ಲಿ ಹಸಿವೋ ದೊಡ್ಡ ಕಾಯಿಲೆಯೋ ಬಂದರೆ ಹಲ್ಲಿನ ಬೆಳವಣಿಗೆ ಕೆಲಕಾಲ ನಿಂತು ಅಡ್ಡಗೆರೆ ಬೀಳುತ್ತದಂತೆ, ಸತ್ತರೂ ಅಳಿಸುವುದಿಲ್ಲವಂತೆ. ಹೋದ ತಿಂಗಳು ಅವರು, "ಇಲ್ಲಿ ಗೆರೆ ಇರೋದು ಹೆಚ್ಚುಕಡಿಮೆ ಹೆಂಗಸರಿಗೇ ನೋಡು" ಅಂದರು.

ನನಗೆ ಮೈಯೆಲ್ಲ ಉರಿಯಿತು. ಹಸಿವು ಒಡೆಯರು ಹಂಚಿದ್ದು, ಬಡವರ ಮನೆಯೊಳಗೆ ಗಂಡು ಹೆಣ್ಣೆಂಬ ಭೇದವಿರಲಿಲ್ಲ ಎಂದೇ ನಾನು ಓದಿದ ಕರಪತ್ರಗಳೆಲ್ಲ ಹೇಳುತ್ತವೆ. ಈಕೆಗೆ ಸಂಬಳ ಕೊಡುವವರು ಯಾರು? ಬಡವರನ್ನು ಬಡವರ ಮೇಲೇ ಎತ್ತಿಕಟ್ಟುವ ಸಂಚಲ್ಲವೇ ಇದು? ಬಯಲಿಗೆಳೆಯುತ್ತೇನೆಂದು ನಾನೇ ಒಂದು ಕರಪತ್ರ ಬರೆದು ಅಚ್ಚಿನವನಿಗೆ ಕೊಟ್ಟೆ.

ಸಾಕ್ಷಿ ಬೇಕಲ್ಲ. ಯಾವ ಹಲ್ಲು ಗಂಡಿನದು, ಯಾವುದು ಹೆಣ್ಣಿನದು ಎಂದು ಮೂಳೆ ನೋಡಿ ಬರೆದಿದ್ದ ಪಟ್ಟಿಯನ್ನು ಬಚ್ಚಿಟ್ಟು, ತಟ್ಟೆಗಳಿಗೆ ಹೊಸ ಸಂಖ್ಯೆ ಅಂಟಿಸಿ, "ಈಗ ಹೇಳಿ ನೋಡೋಣ" ಎಂದೆ.

ಹಲ್ಲಮ್ಮ ನಕ್ಕುಬಿಟ್ಟರು. "ಲೋ ಪತ್ತೇದಾರ, ನಿನ್ನಂಥೋನು ಮೊದಲೇ ಸಿಗಬೇಕಿತ್ತು ಕಣೋ. ಗೆರೆ ನಾನು ಗುರುತು ಹಾಕ್ತೀನಿ, ತಾಳೆ ನೀನೇ ನೋಡು."

ನೋಡಿದೆ. ಹದಿನೈದು ಗಂಡಸರು, ಹದಿನೈದು ಹೆಂಗಸರು. ಗೆರೆ ಇದ್ದದ್ದು ಹದಿಮೂರು ಹೆಂಗಸರಿಗೆ, ಇಬ್ಬರು ಗಂಡಸರಿಗೆ. ಮೂರು ಸಲ ಎಣಿಸಿದೆ.

"ಎಲ್ಲಿ, ಬಾಯಿ ತೆಗಿ" ಎಂದು ಅವರು ದೀಪ ಹಿಡಿದರು. "ಒಂದು ಗೆರೆಯೂ ಇಲ್ಲ, ಕೆನೆ ಇದ್ದ ಹಾಗಿದೆಯಲ್ಲೋ! ಮನೇಲಿ ಅಕ್ಕತಂಗೀರು ಇದಾರಾ?"

ನಾನು ಎದ್ದು ಬಂದೆ. ಅಚ್ಚಿನವನಿಂದ ಕರಪತ್ರ ವಾಪಸು ತಂದೆ. "ಏನಪ್ಪಾ, ಕ್ರಾಂತಿ ಮುಂದಕ್ಕೆ ಹೋಯ್ತಾ?" ಎಂದು ಕೆಣಕಿದ.

ಪುಟ್ಟಿಗೆ ಮುತ್ತು. ನಿನಗಿಂತ ಎತ್ತರ ಬೆಳೆಯಲಿ ಅವಳು.

ನಿನ್ನ
ಜಗಳಗಂಟ ತಮ್ಮ

ಇನ್ನೊಂದು ಮಾತು: ಮುಂದಿನ ಹಲ್ಲಿನಲ್ಲಿ ಒಸಡಿನ ಹತ್ತಿರದ ಗೆರೆ ಸುಮಾರು ನಾಲ್ಕನೇ ವಯಸ್ಸಿನದಂತೆ. ನಾನು ಹುಟ್ಟಿದಾಗ ನಿನಗೆ ನಾಲ್ಕು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಿನ್ನ ಹಲ್ಲು ನನಗೆ ನೆನಪಿಲ್ಲ. ನನ್ನ ಬಳಿಯಿರುವ ಫೋಟೋಗಳಲ್ಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿದಿದ್ದೀಯ. "ಹಾಗೇನಿಲ್ಲ ಕಣೋ" ಎಂದು ಬರೆಯಬೇಡ, ನಂಬುವುದಿಲ್ಲ. ಕೈ ತೆಗೆದು ನಕ್ಕ ಫೋಟೋ ಒಂದು ಕಳಿಸು.