ಬಳಕೆದಾರ ಮೂರು

ಮನೆ, ಅಡುಗೆಮನೆಯ ಮೇಜು
ಜೂನ್ 9, ಭಾನುವಾರ ಬೆಳಿಗ್ಗೆ

ಪ್ರೀತಿಯ ಮನೆಯೊಡತಿಗೆ,

ಹೇಗಿದ್ದೀಯ? ಗಂಟಲು ನೋವು ಹೋಯ್ತಾ? ಹಾಸ್ಟೆಲ್ಲಿನ ದಿಂಬು ಕಲ್ಲಿನ ಹಾಗಿದೆ ಅಂದಿದ್ದೆ, ಬದಲಾಯಿಸಿ ಕೊಟ್ಟರಾ? ಹೆಡ್ಡಾಫೀಸಿನಲ್ಲಿ ಏಸಿ ಕೆಳಗೆ ಕೂರಬೇಡ, ಜಾಗ ಬದಲಾಯಿಸಿ ಅಂತ ಕೇಳು, ನಾಚಿಕೆ ಪಡಬೇಡ. ಬಿಸಿನೀರು ಕುಡಿ. ಮಗಳು ಚೆನ್ನಾಗಿದ್ದಾಳೆ, ಪರೀಕ್ಷೆಗೆ ಓದ್ತಿದ್ದಾಳೆ. ಹಾಗಂತ ಅವಳೇ ಹೇಳ್ತಾಳೆ. ಕುಶಲ ವಿಚಾರಿಸಿದ್ದು ಆಯ್ತು, ಇನ್ನು ಬೈಯೋದು ಶುರು.

ಫೋನ್ ಮಾಡಬಹುದಿತ್ತಲ್ಲ ಅಂತೀಯ. ಮಾಡಲ್ಲ. ಫೋನಲ್ಲಿ ನಾನು ಎರಡು ಮಾತು ಆಡೋದರೊಳಗೆ ನೀನು ಹತ್ತು ಆಡಿರ್ತೀಯ, ಕೊನೆಗೆ ತಪ್ಪು ನಂದೇ ಅಂತ ಒಪ್ಪಿಕೊಂಡು ನಾನೇ ಫೋನ್ ಇಡ್ತೀನಿ. ಇಪ್ಪತ್ತೆರಡು ವರ್ಷದಿಂದ ಇದೇ ಆಗಿರೋದು. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕೋಕಾಗಲ್ಲ. ಅಕ್ಷರ ಕುಂಬಳಕಾಯಿ ಗಾತ್ರ ಇದೆ ಅಂತ ನಗಬೇಡ, ಮಗಳ ಕಪ್ಪು ಮಾರ್ಕರಿನಲ್ಲಿ ಬರೀತಿದ್ದೀನಿ. ಈಗಿನ ಪೆನ್ನುಗಳ ಶಾಯಿಗೆ ನೀರು ಬೆರೆಸ್ತಾರೋ ಏನೋ, ಬರೆದಿದ್ದು ಬರೆದವನಿಗೇ ಕಾಣಲ್ಲ.

ಗುರುವಾರ ಬೆಳಿಗ್ಗೆ ಡ್ಯೂಟಿಗೆ ಹೋದರೆ ಡಿಪೋದ ನೋಟಿಸ್ ಬೋರ್ಡಿನ ಮುಂದೆ ಜನವೋ ಜನ. ಡ್ರೈವರುಗಳು, ಮೆಕ್ಯಾನಿಕ್ಕುಗಳು, ಟೀ ಕ್ಯಾಂಟೀನಿನವನೂ ಸೇರಿ ಹಲ್ಲು ಕಿಸೀತಾ ನಿಂತಿದ್ದರು. ನನ್ನ ಕಂಡ ಕೂಡಲೇ ಎಲ್ಲರೂ ದಾರಿ ಬಿಟ್ಟರು. ನೋಡಿದರೆ ನಿನ್ನ ರಿಪೋರ್ಟು! ನಮ್ಮ ಬಸ್ಸುಗಳ ಹೊಸ ವೆಬ್‌ಸೈಟಿನ ಪುಟಗಳು ಹೇಗಿರಬೇಕು ಅಂತ ಮೊದಲ ನಕ್ಷೆ ಬರೆಯೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಮೂರನ್ನು ಹೋಲಿಸಿ ನೀನು ಬರೆದಿದ್ದೀಯಲ್ಲ, ಅದು. ನಿಮ್ಮ ಆಫೀಸಿನವರು ಒಂದು ಪ್ರತಿ ಡಿಪೋ ಮ್ಯಾನೇಜರಿಗೆ ಕಳಿಸಿದ್ದಾರೆ, ಆ ಪುಣ್ಯಾತ್ಮ ಅದನ್ನು ಬೋರ್ಡಿಗೆ ಅಂಟಿಸಿದ್ದಾನೆ. ನನಗೆ ಓದ್ತಾ ನಿಲ್ಲೋಕೆ ಪುರುಸೊತ್ತಿಲ್ಲ, ಓದಯ್ಯ ಅಂದೆ. ನಮ್ಮ ಕಂಡಕ್ಟರ್ ಗಂಟಲು ಸರಿಮಾಡಿಕೊಂಡು ಇಡೀ ಡಿಪೋಗೆ ಕೇಳೋ ಹಾಗೆ ಓದಿದ. "ಬಳಕೆದಾರ 3. ಚಾಲಕ, ವಯಸ್ಸು 51. ಎರಡನೇ ಸಾಫ್ಟ್‌ವೇರಿನಲ್ಲಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಗಮನ ಕಡಿಮೆ, ತಾಳ್ಮೆ ಇಲ್ಲ, ಪ್ರಯತ್ನಿಸದೆ ಎದ್ದುಹೋದರು."

ಹೆಸರು ಹಾಕಿಲ್ಲ ಅಂತ ಸಮಾಧಾನ ಹೇಳಬೇಡ. ಆ ಮೂರು ಸಾಫ್ಟ್‌ವೇರುಗಳ ಪರೀಕ್ಷೆಗೆ ನಿನ್ನ ಮುಂದೆ ಕೂತಿದ್ದು ಐದು ಜನ. ಮಗಳು, ಕಂಡಕ್ಟರ್, ಪಕ್ಕದ ಮನೆ ಮೇಷ್ಟ್ರು, ನಿಮ್ಮ ಆಫೀಸಿನ ಟೈಪಿಸ್ಟು, ಮತ್ತೆ ನಾನು. ಅದರಲ್ಲಿ ಚಾಲಕ ಅಂತ ಎಷ್ಟು ಜನ ಇದ್ದಾರೆ? ಆವತ್ತಿನಿಂದ ಡಿಪೋದಲ್ಲಿ ನನ್ನ ಹೆಸರೇ ಬಳಕೆದಾರ ಮೂರು. "ಬಳಕೆದಾರ ಮೂರು, ಟೀ ಕುಡೀತೀರಾ, ಇಲ್ಲ ಪ್ರಯತ್ನಿಸದೆ ಎದ್ದು ಹೋಗ್ತೀರಾ?" ಮೈಯೆಲ್ಲ ಉರಿದುಹೋಯ್ತು.

ಆ ಪರೀಕ್ಷೆಯ ದಿನ ಮಧ್ಯಾಹ್ನ ಇದೇ ಮೇಜಿನ ಮುಂದೆ ನಿನಗೋಸ್ಕರ ರಜೆ ಹಾಕಿ ಕೂತಿದ್ದೆ, ನೆನಪಿದೆಯಾ? ಮೂರರಲ್ಲೂ ನೀನು ಒಂದೇ ಕೆಲಸ ಹೇಳಿದೆ: ಆಸ್ಪತ್ರೆಗೆ ಹೋಗೋ ಬಸ್ಸು ಹುಡುಕಿ ಬಟನ್ ಒತ್ತಿ ಅಂತ. ಮೊದಲನೇ ಸಾಫ್ಟ್‌ವೇರ್ ಕೈಯಲ್ಲಿ ಗೀಚಿದ ಹಾಗೆ ಡೊಂಕುಡೊಂಕು ಕಪ್ಪು ಗೆರೆ ಹಾಕಿ ಡಬ್ಬಿ ಬರೆಯುತ್ತೆ. ನೋಡೋಕೆ ಚೆಂದ ಇಲ್ಲ, ಒತ್ತಿದರೆ ಮುಂದಿನ ಪುಟಕ್ಕೂ ಹೋಗಲ್ಲ, ನೀನೇ ಪುಟ ತಿರುವಬೇಕು. ಆದರೂ ಇಪ್ಪತ್ತು ಸೆಕೆಂಡಿಗೆ ಮುಗಿಸಿದೆ. ಮೂರನೆಯದು ಬಣ್ಣ ಬಣ್ಣದ್ದು, ಒತ್ತಿದರೆ ನಿಜವಾದ ವೆಬ್‌ಸೈಟಿನ ಹಾಗೇ ಓಡಾಡುತ್ತೆ. ಅದರಲ್ಲೂ ಕೆಂಪು ಬಟನ್ ಹುಡುಕಿ ಒತ್ತಿದೆ, ನೀನೇ ಶಭಾಷ್ ಅಂದೆ. ಅದನ್ನು ಬರೆಯೋಕೆ ನಿನಗೆ ಮೂರು ದಿನ ಹಿಡೀತು, ಇಂಟರ್ನೆಟ್ ಹೋದರೆ ಅದು ಸತ್ತ ಹಾಗೆ ಬಿದ್ದಿರುತ್ತೆ, ಅದೆಲ್ಲ ನಿನ್ನ ತಲೆನೋವು. ಮಧ್ಯದ್ದೇ ದರಿದ್ರದ್ದು. ಬರೀ ಬೂದು. ಬೂದು ಗೋಡೆ ಮೇಲೆ ಬೂದು ಡಬ್ಬಿ, ಅದರೊಳಗೆ ಬೂದು ಅಕ್ಷರ. ಬೇಗ ಬರೀಬಹುದು, ಇಬ್ಬರು ಒಟ್ಟಿಗೆ ಕೂತು ತಿದ್ದಬಹುದು, ಒತ್ತಿದರೆ ಪುಟವೂ ಬದಲಾಗುತ್ತೆ ಅಂತ ನೀನು ಅದನ್ನೇ ಮುದ್ದು ಮಾಡ್ತಿದ್ದೆ. ಇಡೀ ಪರದೆ ಮೇಲೆ ಏನೂ ಇಲ್ಲದೆ ಇರೋವಾಗ ನಾನು ಏನನ್ನು ಒತ್ತಲಿ? ದಂಡ ಸಾಫ್ಟ್‌ವೇರ್ ಅಂತ ಎದ್ದೆ. ನೀನು ಪುಸ್ತಕದಲ್ಲಿ ಏನೋ ಬರ್ಕೊಂಡೆ. ಅದೇನು ಅಂತ ಆವತ್ತೇ ಕೇಳಬೇಕಿತ್ತು.

ಏನು ಗ್ರಹಚಾರವೋ, ಈಗ ಎಲ್ಲದಕ್ಕೂ ಅದೇ ಬಣ್ಣ. ಮನೆ ಓನರು ಮೆಟ್ಟಿಲಿಗೆ ಬೂದು ಬಳಿಸಿದ್ದಾನೆ, ಎರಡು ಸಲ ಎಡವಿ ಮೊಣಕಾಲು ತರಚಿಕೊಂಡೆ, ಅವನಿಗೂ ಚೆನ್ನಾಗಿ ಉಗಿದಿದ್ದೀನಿ. ಡಿಪೋದಲ್ಲಿ ಹೊಸ ಡ್ಯೂಟಿ ಚೀಟಿ ಕೂಡ ಬೂದು ಅಕ್ಷರದ್ದೇ. ಕಂಡಕ್ಟರ್ ದಿನಾ ಓದಿ ಹೇಳ್ತಾನೆ, ಅವನಿಗೇನೋ ಕೆಲಸ ಇಲ್ಲ.

ಹುಡುಗಾಟದ ವಿಷಯ ಅಲ್ಲ ಕಣೇ ಇದು. ಮ್ಯಾನೇಜರ್ ಒಳಗೆ ಕರೆದು ಬಾಗಿಲು ಹಾಕಿದ. "ಏನಪ್ಪಾ, ನಿಮ್ಮ ಮನೆಯವರೇ ಗಮನ ಕಡಿಮೆ ಅಂತ ಬರೆದಿದ್ದಾರೆ. ನನಗೆ ಕಂಡ ಮೇಲೆ ಸುಮ್ಮನಿರೋಕಾಗಲ್ಲ. ಹದಿನೆಂಟನೇ ತಾರೀಕು ಡಾಕ್ಟರ ಮುಂದೆ ಹೋಗು, ಅವರು ಸರಿ ಅಂದರೆ ಸ್ಟೀರಿಂಗು, ಇಲ್ಲಾಂದ್ರೆ ಟಿಕೆಟ್ ಕೌಂಟರು" ಅಂದ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ್ದೀನಿ, ಒಂದು ಗೀರು ಬಿದ್ದಿಲ್ಲ. ಕಿರಿದಾದ ಮಾರ್ಕೆಟ್ ತಿರುವಿನಲ್ಲಿ ಹಿಂದಕ್ಕೆ ತೆಗೆಯೋದು ಹೇಗೆ ಅಂತ ಹೊಸಬರಿಗೆ ತೋರಿಸೋಕೆ ಇವತ್ತಿಗೂ ನನ್ನನ್ನೇ ಕರೀತಾರೆ. ಅಂಥವನ ಕೈಯಿಂದ ಸ್ಟೀರಿಂಗು ಕಿತ್ತುಕೊಳ್ಳೋದು ಯಾರು? ಹೆಂಡತಿ! ನಲವತ್ತು ದಾಟಿದ ಮೇಲೆ ನೀನು ಈ ವೆಬ್‌ಸೈಟ್ ಮಾಡೋ ಕೆಲಸ ಕಲೀತೀನಿ ಅಂದಾಗ ಎಲ್ಲರೂ ಮುಸಿಮುಸಿ ನಕ್ಕರು, ನಾನು ನಗಲಿಲ್ಲ. ಕ್ಲಾಸಿಗೆ ಬಿಡೋಕೆ, ಕರ್ಕೊಂಡು ಬರೋಕೆ ಒಂದು ವರ್ಷ ಸ್ಕೂಟರ್ ಓಡಿಸಿದೆ. ಅದಕ್ಕೆ ಸಿಕ್ಕ ಬಹುಮಾನ ಇದು. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆ ಅಂದರೆ ಎರಡು ದಿನದಿಂದ ನಿನ್ನ ಟೀ ಲೋಟದಲ್ಲಿ ನಾನೇ ಟೀ ಕುಡೀತಿದ್ದೀನಿ. ಅದು ಸಿಟ್ಟಿಗೇ, ಬೇರೆ ಏನೂ ತಿಳ್ಕೋಬೇಡ.

ಈಗ ನೀನು ಮಾಡಬೇಕಾದ್ದು ಇಷ್ಟೇ. ಆ ರಿಪೋರ್ಟಿನ ಪಟ್ಟಿಯಿಂದ ಬಳಕೆದಾರ ಮೂರರ ಸಾಲನ್ನು ಪೂರ್ತಿ ಅಳಿಸು. ಆಮೇಲೆ ಮ್ಯಾನೇಜರಿಗೆ ಕಾಗದ ಬರಿ: ಚಾಲಕನ ಗಮನದಲ್ಲಿ ಏನೂ ಊನ ಇಲ್ಲ, ಲೋಪ ಇರೋದು ಎರಡನೇ ಸಾಫ್ಟ್‌ವೇರಿನಲ್ಲಿ ಅಂತ. ಹದಿನೆಂಟರೊಳಗೆ ಅವನ ಕೈ ಸೇರಬೇಕು. ಬರೀಲಿಲ್ಲ ಅಂದರೆ ನೀನು ಬಂದ ಮೇಲೆ ನಾನು ಮಾತಾಡಲ್ಲ, ತಮಾಷೆಗೆ ಹೇಳ್ತಿಲ್ಲ.

ಗಂಟಲಿಗೆ ಮಫ್ಲರ್ ಸುತ್ಕೋ. ಮಗಳು ನಿನಗೆ ಮುತ್ತು ಕಳಿಸಿದ್ದಾಳೆ, ನಾನು ಏನೂ ಕಳಿಸ್ತಿಲ್ಲ. ನೀನು ಅಲ್ಲಿ ಎಲ್ಲರ ಮುಂದೆ ನಿಂತು ಈ ರಿಪೋರ್ಟಿನ ಬಗ್ಗೆ ಮಾತಾಡೋ ದಿನ ಚೆನ್ನಾಗಿ ಆಗಲಿ, ಹೊಟ್ಟೆ ತುಂಬ ತಿಂಡಿ ತಿಂದು ಹೋಗು.

ಇಂತಿ ನಿನ್ನ ಗಂಡ,
ಬಳಕೆದಾರ ಮೂರು

ತಾ.ಕ.: ಸೋಮವಾರ ಮಧ್ಯಾಹ್ನ, ಡಿಪೋ ಕ್ಯಾಂಟೀನಿಂದ. ಮೇಲಿನದ್ದನ್ನು ಅಂಚೆಗೆ ಹಾಕೋಕೆ ಅಂತ ಜೇಬಲ್ಲಿಟ್ಕೊಂಡಿದ್ದೆ. ಮ್ಯಾನೇಜರಿಗೆ ಏನೂ ಬರೀಬೇಡ. ಇವತ್ತು ಬೆಳಿಗ್ಗೆ ಶಾಲೆ ಹತ್ತಿರದ ಸ್ಟಾಪಿನಲ್ಲಿ ಬೂದು ಕೋಟು ಹಾಕಿದ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದು ರಸ್ತೆಗೇ ಇಳಿದು ನಿಂತಿದ್ದರಂತೆ. ನನಗೆ ಬರೀ ರಸ್ತೆ ಕಂಡಿದ್ದು. ಕಂಡಕ್ಟರ್ ಕಿರುಚಿದ, ಬ್ರೇಕ್ ಒತ್ತಿದೆ, ಅಜ್ಜಿಗೆ ಏನೂ ಆಗಿಲ್ಲ, ಬೈಕೊಂಡೇ ಬಸ್ಸು ಹತ್ತಿದರು. ಟ್ರಿಪ್ಪು ಅಲ್ಲೇ ನಿಲ್ಲಿಸಿದೆ, ಬೇರೆ ಡ್ರೈವರ್ ಬಂದು ಬಸ್ಸು ತಗೊಂಡು ಹೋದ. ಬೀಗದ ಕೈ ಮ್ಯಾನೇಜರ್ ಮೇಜಿನ ಮೇಲೆ ನಾನೇ ಇಟ್ಟೆ. ಹೋದ ವರ್ಷದ ಕಣ್ಣಿನ ಪರೀಕ್ಷೆಯಲ್ಲಿ ಅಕ್ಷರಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದೆ ಅಂತಲೂ ಹೇಳಿಬಿಟ್ಟೆ. ನಿನಗೆ ಹೇಳಿರಲಿಲ್ಲ, ಹೆದರಿಕೆಯಾಗಿತ್ತು. ನನ್ನ ಸಾಲು ಅಳಿಸಬೇಡ. "ತಾಳ್ಮೆ ಇಲ್ಲ" ಅನ್ನೋದನ್ನು ಹೊಡೆದು "ಕಾಣಿಸಲಿಲ್ಲ" ಅಂತ ಬರಿ, ಆಸ್ಪತ್ರೆ ಬಸ್ಸು ಹುಡುಕೋರಲ್ಲಿ ನನ್ನಂಥವರೇ ಜಾಸ್ತಿ ಇರ್ತಾರೆ. ಶನಿವಾರ ನಿನ್ನ ಕರ್ಕೊಂಡು ಬರೋಕೆ ಸ್ಟೇಷನ್ನಿಗೆ ಬರ್ತೀನಿ, ಬಸ್ಸಲ್ಲಿ, ಟಿಕೆಟ್ ತಗೊಂಡು. ಇಳಿಯುವಾಗ ಆ ಬೂದು ಶಾಲು ಬೇಡ, ಕೆಂಪು ಹೊದ್ಕೊಂಡು ಬಾ.