ತೆಹರಾನಿನ ಗಾಯಕಿ, ನಮ್ಮ ಅಟ್ಟದ ತಂಬೂರಿ

ಮುಂಬಯಿ, ೧೪-೧-೧೯೩೬

ಚಿ. ಸೌ. ಸೊಸೆ ಕೃಷ್ಣಾಬಾಯಿಗೆ ಮಾವನ ಆಶೀರ್ವಾದ.

ಮೊಮ್ಮಗ ಪ್ರಭಂಜನನ ಜ್ವರ ಬಿಟ್ಟಿತೇ? ನಿಮ್ಮತ್ತೆಯ ಮೊಣಕಾಲು ಹ್ಯಾಂಗದ? ನನ್ನ ಕೆಮ್ಮು ಇಳಿದಿದೆ.

ನಿನ್ನೆ ಚಹಾ ಅಂಗಡಿಯ ಇರಾನಿ ಸಾಹುಕಾರ ನನ್ನನ್ನು ತೆಹರಾನಿನ ಗಾಯಕಿಯೊಬ್ಬಳ ಕಚೇರಿಗೆ ಕರಕೊಂಡು ಹೋಗಿದ್ದ. ಐವತ್ತರ ಹೆಂಗಸು, ತಲೆಮೇಲೆ ಸೆರಗಿಲ್ಲ, ಎದುರಿಗೆ ಬರೀ ಗಂಡಸರು. ಪಾರಸಿ ತಿಳಿಯದು, ಆದರೂ ದೇವರನಾಮವೇ ಇರಬೇಕೆಂದು ಕೈಮುಗಿದು ಭಾಳ ಕಣ್ಣೀರು ಹಾಕಿದೆ. ಸಾಹುಕಾರ ನಕ್ಕ: "ರಾವ್‌ಸಾಹೇಬ, ಅದು ಶರಾಬಿನ ಹಾಡು!"

ಆಕೆ ಚಿಕ್ಕಂದಿನಲ್ಲಿ ಪರದೆಯ ಹಿಂದೆ, ಹೆಂಗಸರಿಗಷ್ಟೇ ಹಾಡುತ್ತಿದ್ದಳಂತೆ. ಮದುವೆಯಾದ ಮೇಲೆ ಅದೂ ನಿಂತಿತು. ಮಾವ ಆಕೆಯ ವಾದ್ಯವನ್ನು ಕಸಿದು ಬೀಗ ಹಾಕಿಟ್ಟನಂತೆ. ಅವನು ಸತ್ತ ಮೇಲೆಯೇ ಮತ್ತೆ ಹಾಡಿದಳು. ಈಗ ಅವಳ ಗ್ರಾಮೋಫೋನ್ ಪ್ಲೇಟುಗಳು ಇಲ್ಲಿಯೂ ಮಾರಾಟವಾಗುತ್ತವೆ.

"ಎಂಥಾ ಗಮಾರ ಮಾವ!" ಎಂದು ನಾನೇ ಜೋರಾಗಿ ಬೈದೆ. ಬೈದಾದ ಮೇಲೆ, ನಿನ್ನ ತಂಬೂರಿ ಇಟ್ಟು ನಾನು ಬೀಗ ಹಾಕಿದ ಅಟ್ಟ ನೆನಪಾಯಿತು.

ಬೀಗದ ಕೈ ಪಂಚಾಂಗದ ಗೂಡಿನಲ್ಲಿದೆ, ತಗೋ. ನಾನು ಸಾಯೋತನಕ ಕಾಯಬ್ಯಾಡ. ಈ ಕಾರ್ಡನ್ನು ಅಂಚೆಯವನೂ ಓದುತ್ತಾನೆ, ಓದಲಿ. ತಂಬೂರಿಯ ಯಾವ ಯಾವ ತಂತಿ ಹರಿದಿವೆ ನೋಡಿ ಜಲ್ದಿ ಬರಿ, ಇಲ್ಲಿಂದ ತರುತ್ತೇನೆ.